ಟ್ರೀಟ್‌ಮೆಂಟ್ ಲಯಬಿಲಿಟಿ: ಉಗುರಿನ ಕೆಲಸಕ್ಕೆ ಇಳಿಯುವವರ ವಿಮೆ

ಗ್ರಾಹಕರ ಕೈಕಾಲಿನ ಮೇಲೆ ಮಾಡಿದ ಕೆಲಸದಿಂದಲೇ ಅವರಿಗೆ ಹಾನಿಯಾಯಿತೆಂಬ ದೂರು ಬಂದಾಗ, ಪರಿಹಾರದ ಹಣವನ್ನೂ ವಕೀಲರ ಖರ್ಚನ್ನೂ ಭರಿಸುವ ವಿಮೆಯನ್ನು ಬ್ರಿಟನ್ನಿನ ಸೌಂದರ್ಯ ವೃತ್ತಿಯಲ್ಲಿ ‘ಟ್ರೀಟ್‌ಮೆಂಟ್ ಲಯಬಿಲಿಟಿ’ ಎನ್ನುತ್ತಾರೆ. ಆಗಷ್ಟೇ ಕೋರ್ಸ್ ಮುಗಿಸಿದ ನೇಲ್ ಟೆಕ್ನಿಷಿಯನ್ನರು ಪಬ್ಲಿಕ್ ಲಯಬಿಲಿಟಿ ಪಾಲಿಸಿಯೊಂದನ್ನು ಕೊಂಡು ನಿಶ್ಚಿಂತರಾಗುವುದುಂಟು. ಆದರೆ ಇವೆರಡೂ ಬೇರೆ ಬೇರೆ, ಮತ್ತು ಉಗುರಿನ ಕೆಲಸದ ನಿಜವಾದ ಅಪಾಯ ಇರುವುದು ಮೊದಲನೆಯದರ ವ್ಯಾಪ್ತಿಯಲ್ಲಿ.

ಗ್ರಾಹಕಿಯೊಬ್ಬರು ಲ್ಯಾಂಪಿನ ವೈರಿಗೆ ಕಾಲು ತೊಡರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ, ಅಥವಾ ಅವರ ಮನೆಗೆ ಹೋಗಿ ಕೆಲಸ ಮಾಡುವಾಗ ಅಸಿಟೋನ್ ಚೆಲ್ಲಿ ಮೇಜು ಹಾಳಾದರೆ, ಅದು ಪಬ್ಲಿಕ್ ಲಯಬಿಲಿಟಿಗೆ ಸೇರುತ್ತದೆ. ಮಾರಿದ ಎಣ್ಣೆಯಿಂದಲೋ ಕ್ರೀಮಿನಿಂದಲೋ ತೊಂದರೆಯಾದರೆ ಅದು ಪ್ರಾಡಕ್ಟ್ ಲಯಬಿಲಿಟಿ. ಉಗುರು ಉಜ್ಜುವ ವಿದ್ಯುತ್ ಉಪಕರಣವಾದ ಇ-ಫೈಲನ್ನು ಒಂದೇ ಕಡೆ ಹೆಚ್ಚು ಹೊತ್ತು ಒತ್ತಿ ಉಗುರು ತೆಳುವಾಗಿ ಅಡಿಯ ಚರ್ಮ ಸುಟ್ಟರೆ, ಅದು ಟ್ರೀಟ್‌ಮೆಂಟ್ ಲಯಬಿಲಿಟಿ. ಹೊಸಬರಿಗೆ ಸಿಗುವ ಪಾಲಿಸಿಗಳಲ್ಲಿ ಈ ಮೂರೂ ಒಟ್ಟಿಗೇ ಇರುವುದು ಸಾಮಾನ್ಯವಾದರೂ, ಅಗ್ಗದ ಪಾಲಿಸಿಯಲ್ಲಿ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚಿರುವುದು ಈ ಕೊನೆಯದೇ.

ಜೆಲ್ ಪಾಲಿಶ್‌ನ ಉದಾಹರಣೆಯನ್ನು ತುಸು ವಿವರವಾಗಿ ನೋಡಬೇಕು. ಜೆಲ್‌ನಲ್ಲಿರುವ ಮೆಥಾಕ್ರಿಲೇಟ್ ರಾಸಾಯನಿಕಗಳು ಲ್ಯಾಂಪಿನ ಬೆಳಕಿಗೆ ಪೂರ್ತಿ ಗಟ್ಟಿಯಾಗದೆ ಉಳಿದರೆ, ಅಥವಾ ಹಚ್ಚುವಾಗ ಉಗುರಿನ ಬುಡದ ಚರ್ಮಕ್ಕೆ ತಗುಲಿದರೆ, ಅಲರ್ಜಿ ಹುಟ್ಟಬಹುದು: ಬೆರಳ ತುದಿಯಲ್ಲಿ ತುರಿಕೆ, ಬೊಕ್ಕೆ, ಕೆಲವೊಮ್ಮೆ ಉಗುರೇ ಬುಡದಿಂದ ಬಿಡುವುದು. 2018ರಲ್ಲಿ ಬ್ರಿಟಿಷ್ ಚರ್ಮರೋಗ ತಜ್ಞರ ಸಂಘವು ಈ ಬಗ್ಗೆ ಎಚ್ಚರಿಸಿತ್ತು. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇದೇ ವರ್ಗದ ರಾಸಾಯನಿಕಗಳನ್ನು ಹಲ್ಲಿನ ಫಿಲ್ಲಿಂಗಿನಲ್ಲೂ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಲ್ಲೂ ಬಳಸುವುದರಿಂದ, ಸಲೂನಿನಲ್ಲಿ ಆದ ತಪ್ಪು ಮುಂದೆ ಆಸ್ಪತ್ರೆಯಲ್ಲಿ ಕಾಡಬಹುದು.

ಇಂಥ ಕ್ಲೇಮು ಬಂದಾಗ ವಿಮಾ ಕಂಪನಿ ದಾಖಲೆಗಳನ್ನು ಕೇಳುತ್ತದೆ. ಗ್ರಾಹಕರ ಆರೋಗ್ಯದ ವಿವರ ಬರೆದುಕೊಂಡಿದ್ದೀರಾ, ಪಾಲಿಸಿ ಹೇಳಿದ್ದಲ್ಲಿ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ತುಸು ಹಚ್ಚಿ ಅಲರ್ಜಿ ಬರುವುದೇ ಎಂದು ನೋಡುವ ಪರೀಕ್ಷೆ) ಮಾಡಿದ್ದೀರಾ, ತಯಾರಕರು ಸೂಚಿಸಿದ ಲ್ಯಾಂಪನ್ನೇ ಬಳಸಿದ್ದೀರಾ ಎಂಬುವು ಮುಖ್ಯ ಪ್ರಶ್ನೆಗಳು. ಅದಕ್ಕಿಂತ ಮೊದಲು ನೋಡುವುದು ತರಬೇತಿಯ ಪ್ರಮಾಣಪತ್ರವನ್ನು. ಮ್ಯಾನಿಕ್ಯೂರ್ ಮತ್ತು ಜೆಲ್ ಪಾಲಿಶ್ ಮಾತ್ರ ಕಲಿತವರು ಆಕ್ರಿಲಿಕ್ ಉಗುರು ಕೂರಿಸಿದರೆ, ಪಾಲಿಸಿ ಚಾಲ್ತಿಯಲ್ಲಿದ್ದರೂ ಆ ಕೆಲಸಕ್ಕೆ ಅದರ ರಕ್ಷಣೆ ಸಿಗದೆ ಹೋಗಬಹುದು. ಪೂರ್ತಿ ಆನ್‌ಲೈನಿನಲ್ಲೇ ಮುಗಿದ ಕೋರ್ಸನ್ನು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಆದ್ದರಿಂದ ಕೋರ್ಸಿಗೆ ಹಣ ಕಟ್ಟುವ ಮೊದಲೇ ವಿಮಾ ಕಂಪನಿಯನ್ನು ಕೇಳುವುದು ಸರಿಯಾದ ಕ್ರಮ. ಬೆಂಗಳೂರಿನಲ್ಲಿ ಕಲಿತು ಬ್ರಿಟನ್ನಿಗೆ ಹೋಗಿ ನೆಲೆಸುವ ಕನ್ನಡಿಗರು, ತಮ್ಮ ಪ್ರಮಾಣಪತ್ರ ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಂಡೇ ಮೊದಲ ಗ್ರಾಹಕರನ್ನು ಕೂರಿಸಬೇಕು.

ಟ್ರೀಟ್‌ಮೆಂಟ್ ಲಯಬಿಲಿಟಿಯನ್ನು ಬ್ರಿಟನ್ನಿನ ಕಾನೂನು ಎಲ್ಲರಿಗೂ ಕಡ್ಡಾಯ ಮಾಡಿಲ್ಲ. ಕಡ್ಡಾಯವಾಗಿರುವುದು, ಸಹಾಯಕರನ್ನು ನೇಮಿಸಿಕೊಂಡಾಗ, 1969ರ ಕಾಯ್ದೆಯಂತೆ ಕನಿಷ್ಠ 50 ಲಕ್ಷ ಪೌಂಡಿನ ಉದ್ಯೋಗದಾತರ ಹೊಣೆಗಾರಿಕೆ ವಿಮೆ; ಅದಿಲ್ಲದಿದ್ದರೆ ದಿನಕ್ಕೆ 2,500 ಪೌಂಡಿನವರೆಗೆ ದಂಡ ಬೀಳಬಹುದು. ಹಾಗೆಂದು ಕಡ್ಡಾಯವಲ್ಲದ್ದನ್ನು ಬಿಡುವುದು ಸರಿಯಲ್ಲ. ಸಲೂನಿನಲ್ಲಿ ಮೇಜು ಬಾಡಿಗೆಗೆ ಪಡೆದು ಸ್ವತಂತ್ರವಾಗಿ ದುಡಿಯುವವರ ಕೆಲಸಕ್ಕೆ ಮಾಲೀಕರ ಪಾಲಿಸಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಮನೆಯಲ್ಲೇ ಕೆಲಸ ಮಾಡುವವರಿಗೆ ಮನೆಯ ವಿಮೆಯೂ ಆಸರೆಯಾಗಲಾರದು.

ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ಷರತ್ತು ಕಾಲಕ್ಕೆ ಸಂಬಂಧಿಸಿದ್ದು. ಇಂಗ್ಲೆಂಡಿನಲ್ಲಿ ದೈಹಿಕ ಹಾನಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಕಾಶವಿದೆ. ಕೆಲವು ಪಾಲಿಸಿಗಳು ಘಟನೆ ನಡೆದ ದಿನ ಚಾಲ್ತಿಯಲ್ಲಿದ್ದರೆ ಸಾಕು. ಇನ್ನು ಕೆಲವು ದೂರು ಬಂದ ದಿನವೂ ಚಾಲ್ತಿಯಲ್ಲಿರಬೇಕು. ಎರಡನೆಯ ಬಗೆಯನ್ನು ಕೊಂಡವರು ಕೆಲಸ ಬಿಟ್ಟ ಮೇಲೂ ಕೆಲಕಾಲ ರಕ್ಷಣೆ ಮುಂದುವರಿಸಿಕೊಳ್ಳಬೇಕಾಗುತ್ತದೆ.