ಫ್ರಾಸ್ಟಿಂಗ್ ನೀರಾಯ್ತು ಅಂತ ಸಕ್ಕರೆ ಸುರಿಯಬೇಡಿ

"ಮೇಡಂ, ಕ್ರೀಮ್ ಚೀಸ್ ಫ್ರಾಸ್ಟಿಂಗ್ ದೋಸೆ ಹಿಟ್ಟಿನ ಥರ ಆಗೋಯ್ತು. ಇನ್ನೊಂದು ಕಪ್ ಐಸಿಂಗ್ ಶುಗರ್ ಹಾಕ್ಲಾ?"

ಫ್ರಾಸ್ಟಿಂಗ್ ಅಂದರೆ ಕೇಕಿನ ಮೇಲೆ ಹಚ್ಚುವ ಸಿಹಿ ಲೇಪ. ನನ್ನ ಬೇಕಿಂಗ್ ಕ್ಲಾಸಿಗೆ ಬಂದು ಹೋದವರು ಹೆಚ್ಚಾಗಿ ಫೋನ್ ಮಾಡುವುದು ಇದೇ ಕಾರಣಕ್ಕೆ. ನಾನು ಹೇಳುವುದೂ ಪ್ರತಿ ಸಲ ಒಂದೇ. ಸಕ್ಕರೆ ಡಬ್ಬಿ ಮುಚ್ಚಿಡಿ, ಬಟ್ಟಲನ್ನು ಫ್ರಿಜ್ಜಿಗೆ ಇಡಿ, ಅರ್ಧ ಗಂಟೆ ಬಿಟ್ಟು ಮಾತಾಡೋಣ.

ಬಟರ್‌ಕ್ರೀಮ್, ಅಂದರೆ ಬರೀ ಬೆಣ್ಣೆ, ಸಕ್ಕರೆಯ ಫ್ರಾಸ್ಟಿಂಗ್, ಮಾಡಿ ಅಭ್ಯಾಸ ಇದ್ದವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಬಟರ್‌ಕ್ರೀಮ್ ತೆಳುವಾದರೆ ಸಕ್ಕರೆ ಹಾಕಿದ ತಕ್ಷಣ ಗಟ್ಟಿಯಾಗುತ್ತದೆ. ಯಾಕೆಂದರೆ ಪ್ಯಾಕೆಟ್ ಬೆಣ್ಣೆಯಲ್ಲಿ 80% ಕೊಬ್ಬು, ನೀರು ಸುಮಾರು 16% ಮಾತ್ರ. ಕ್ರೀಮ್ ಚೀಸ್ ಹಾಗಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಹಾಲಿನ ಪ್ರೋಟೀನ್, ಕೊಬ್ಬು, ಗಟ್ಟಿ ಬರಲೆಂದು ಹಾಕುವ ಸ್ವಲ್ಪ ತಿನ್ನುವ ಗೋಂದು ಸೇರಿ ಆ ನೀರನ್ನು ಹಿಡಿದುಕೊಂಡಿರುತ್ತವೆ. ಅದಕ್ಕೇ ಚೀಸ್ ನೋಡಲು ಗಟ್ಟಿಯಾಗಿ ಕಾಣುತ್ತದೆ.

ಸೌತೆಕಾಯಿ ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತೀರಿ? ಬಡಿಸುವ ಹೊತ್ತಿಗೆ, ಅಲ್ವಾ? ಮೊದಲೇ ಹಾಕಿದರೆ ತಳದಲ್ಲಿ ನೀರು ನಿಲ್ಲುತ್ತದೆ. ಚೀಸಿಗೆ ಸಕ್ಕರೆ ಮಾಡುವುದೂ ಅದನ್ನೇ. ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಅದರಲ್ಲೇ ಕರಗಿ ಪಾಕವಾಗುತ್ತದೆ. ಇನ್ನೂ ಹಾಕಿದರೆ ಇನ್ನೂ ಪಾಕ. ಅದರ ಮೇಲೆ ಬೀಟರನ್ನು ಜೋರಾಗಿ ಓಡಿಸಿದರೆ ನೀರು ಹಿಡಿದಿದ್ದ ಕಟ್ಟೂ ಒಡೆಯುತ್ತದೆ.

ಅದಕ್ಕೇ ನಾನು ಚೀಸನ್ನು ಕೊನೆಯಲ್ಲಿ ಸೇರಿಸುತ್ತೇನೆ. ಬಹಳ ರೆಸಿಪಿಗಳಲ್ಲಿ ಚೀಸ್, ಬೆಣ್ಣೆ ಎರಡನ್ನೂ ಮೊದಲು ಒಟ್ಟಿಗೆ ಬೀಟ್ ಮಾಡಿ, ಆಮೇಲೆ ಸಕ್ಕರೆ ಹಾಕಿ ಅಂತಿರುತ್ತದೆ. ತಣ್ಣಗಿನ ಊರಿಗೆ ಅದು ಸರಿ. ನಮ್ಮ ಅಡುಗೆಮನೆಗೆ ಅಲ್ಲ.

200 ಗ್ರಾಂ ಕ್ರೀಮ್ ಚೀಸಿಗೆ 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 150 ಗ್ರಾಂ ಐಸಿಂಗ್ ಶುಗರ್, ಒಂದು ಚಮಚ ವೆನಿಲ್ಲಾ, ಚಿಟಿಕೆ ಉಪ್ಪು. ಹನ್ನೆರಡು ಕಪ್‌ಕೇಕಿಗೆ ಚಾಕುವಿನಲ್ಲಿ ಸವರಲು ಇಷ್ಟು ಸಾಕು. ಮೊದಲು ಬೆಣ್ಣೆ ಮತ್ತು ಸಕ್ಕರೆಯನ್ನು ನಾಲ್ಕೈದು ನಿಮಿಷ ಬೀಟ್ ಮಾಡಿ. ಬಣ್ಣ ಬೆಳ್ಳಗಾಗಬೇಕು, ಹಗುರಾಗಬೇಕು. ಶ್ರಮವೆಲ್ಲ ಇಲ್ಲೇ ಮುಗಿಯಲಿ. ಚೀಸನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಒಮ್ಮೆ ಮಿದುವಾಗಿ ಕಲಸಿಕೊಳ್ಳಿ. ಕಲಸದೆ ಹಾಗೇ ಹಾಕಿದರೆ ಗಂಟು ಉಳಿಯುತ್ತದೆ. ಆಮೇಲೆ ಮೂರು ಸಲಕ್ಕೆ ಬೆಣ್ಣೆಗೆ ಸೇರಿಸಿ, ಬೀಟರ್ ನಿಧಾನಕ್ಕೆ ತಿರುಗಲಿ. ನುಣ್ಣಗಾದ ಕೂಡಲೇ ನಿಲ್ಲಿಸಿ. ಒಂದು ನಿಮಿಷವೂ ಬೇಕಾಗುವುದಿಲ್ಲ. ಮಿಕ್ಸಿಗೆ ಮಾತ್ರ ಹಾಕಲೇಬೇಡಿ.

ಮಿಕ್ಸಿ ಎಂದಾಗ ಇನ್ನೊಂದು ವಿಷಯ. ಐಸಿಂಗ್ ಶುಗರನ್ನು ಮನೆಯಲ್ಲೇ ಮಾಡುವವರು 100 ಗ್ರಾಂ ಸಕ್ಕರೆಗೆ ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರ್ ಹಾಕಿ ಪುಡಿ ಮಾಡಿ, ಜರಡಿ ಹಿಡಿಯಿರಿ. ಮಿಕ್ಸಿಯಿಂದ ತೆಗೆದಾಗ ಪುಡಿ ಬಿಸಿ ಇರುತ್ತದೆ. ಪೂರ್ತಿ ಆರುವ ತನಕ ಬೆಣ್ಣೆಯ ಹತ್ತಿರ ತರಬೇಡಿ.

ಈಗ ಬಿಸಿಲಿನ ಮಾತು. ಅಮೆರಿಕದ ರೆಸಿಪಿಯಲ್ಲಿ 'ರೂಮ್ ಟೆಂಪರೇಚರ್ ಬೆಣ್ಣೆ' ಅಂದರೆ ಸುಮಾರು 20 ಡಿಗ್ರಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಅಡುಗೆಮನೆಯೇ 30 ದಾಟಿರುತ್ತದೆ, ರಾಯಚೂರು, ಕಲಬುರಗಿಯನ್ನಂತೂ ಕೇಳುವುದೇ ಬೇಡ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ. ಕಲಿಯುವ ದಿನಗಳಲ್ಲಿ ನಾನು ದಾವಣಗೆರೆಯಲ್ಲಿ ತಂಗಿಯ ಮಗನ ಹುಟ್ಟುಹಬ್ಬಕ್ಕೆ ಎರಡು ಪದರದ ಕೆಂಪು ಕೇಕ್, ಅದೇ ರೆಡ್ ವೆಲ್ವೆಟ್, ಮಾಡಿದ್ದೆ. ಸಂಜೆ ಆರತಿ ಎತ್ತುವ ಹೊತ್ತಿಗೆ ಮೇಲಿನ ಪದರ ಪಕ್ಕಕ್ಕೆ ಜಾರಿ ತಟ್ಟೆಗೆ ಬಂದಿತ್ತು. ಮಗುವಿನ ಮುಖ ನೋಡಲಾಗಲಿಲ್ಲ. ಅವತ್ತು ಎರಡು ತಪ್ಪು ಮಾಡಿದ್ದೆ. ಬೆಣ್ಣೆಯನ್ನು ಮಧ್ಯಾಹ್ನವೆಲ್ಲ ಹೊರಗಿಟ್ಟಿದ್ದೆ. ಕೇಕ್ ಒಳಗೆ ಇನ್ನೂ ಬೆಚ್ಚಗಿರುವಾಗಲೇ ಫ್ರಾಸ್ಟಿಂಗ್ ಹಚ್ಚಿದ್ದೆ.

ಬೆಣ್ಣೆಯನ್ನು ಬೆರಳಿನಿಂದ ಒತ್ತಿ ನೋಡಿ. ಗುರುತು ಮೂಡಬೇಕು, ಬೆರಳು ಒಳಗೆ ಇಳಿಯಬಾರದು, ಮೈ ಹೊಳೆಯಬಾರದು. ಬೇಸಿಗೆಯಲ್ಲಿ ಇದಕ್ಕೆ ಹದಿನೈದು ನಿಮಿಷ ಸಾಕು. ಮನೆಯಲ್ಲಿ ಕಡೆದ ಬೆಣ್ಣೆ ದೋಸೆಯ ಮೇಲೆ ಎಷ್ಟು ಚೆನ್ನ! ಆದರೆ ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ, ಇಲ್ಲಿಗೆ ಬೇಡ.

ಚೀಸ್ ಕೊಳ್ಳುವಾಗ ಇಟ್ಟಿಗೆ ಆಕಾರದ್ದು ಸಿಕ್ಕರೆ ಅದನ್ನೇ ತನ್ನಿ. ಡಬ್ಬಿಯಲ್ಲಿ ಬರುವುದು ಬ್ರೆಡ್ಡಿಗೆ ಸವರಲೆಂದು ಮೆತ್ತಗೆ ಮಾಡಿದ್ದು. ಅದೇ ಸಿಕ್ಕಿದರೆ ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಡಿ. ನೀರು ಇಳಿದಷ್ಟೂ ಒಳ್ಳೆಯದು. ಶ್ರೀಖಂಡಕ್ಕೆ ಕಟ್ಟುವ ಮೊಸರು ಆಗುತ್ತಾ ಅಂತ ಕೇಳುತ್ತಾರೆ. ರುಚಿಯಲ್ಲಿ ಹತ್ತಿರ ಬರುತ್ತದೆ, ಆದರೆ ಕೊಬ್ಬು ಕಡಿಮೆ, ಆಕಾರ ನಿಲ್ಲುವುದಿಲ್ಲ. ಲೋಟದಲ್ಲಿ ಪದರ ಮಾಡುವುದಾದರೆ ಆಗಬಹುದು, ಕೇಕಿನ ಪಕ್ಕಕ್ಕೆ ಆಗದು.

ತುಂಬಾ ಬಿಸಿಲಿನ ಊರಿನವರಿಗೆ ನಾನು ಬೇರೆಯದೇ ದಾರಿ ಹೇಳುತ್ತೇನೆ. ರೆಡ್ ವೆಲ್ವೆಟ್ಟಿಗೆ ಮೊದಲು ಹಚ್ಚುತ್ತಿದ್ದದ್ದು ಹಾಲು, ಮೈದಾ ಕುದಿಸಿ ಮಾಡಿದ ಫ್ರಾಸ್ಟಿಂಗ್. ಕ್ರೀಮ್ ಚೀಸ್ ಆಮೇಲೆ ಬಂತು. ಎರಡನ್ನೂ ಸೇರಿಸಬಹುದು. 120 ಮಿಲಿ ಹಾಲು, ಎರಡು ದೊಡ್ಡ ಚಮಚ ಮೈದಾ, 100 ಗ್ರಾಂ ಮಾಮೂಲಿ ಸಕ್ಕರೆಯನ್ನು ಗಂಟಿಲ್ಲದಂತೆ ಕಲಸಿ, ಗಟ್ಟಿ ಅಂಬಲಿಯ ಹದಕ್ಕೆ ಕಾಯಿಸಿ. ಪೂರ್ತಿ ತಣ್ಣಗಾದ ಮೇಲೆ, ಬೀಟ್ ಮಾಡಿದ 100 ಗ್ರಾಂ ಬೆಣ್ಣೆಗೆ ಚಮಚ ಚಮಚವಾಗಿ ಸೇರಿಸಿ. ಕೊನೆಗೆ 150 ಗ್ರಾಂ ಚೀಸ್. ಇಲ್ಲಿ ಬೆಂದ ಮೈದಾ ನೀರನ್ನು ಹಿಡಿದಿಡುತ್ತದೆ. ಸಕ್ಕರೆ ಮೊದಲೇ ಹಾಲಿನಲ್ಲಿ ಕರಗಿರುವುದರಿಂದ ಚೀಸಿನ ನೀರನ್ನು ಅಷ್ಟಾಗಿ ಎಳೆಯುವುದಿಲ್ಲ. ಸಿಹಿಯೂ ಕಡಿಮೆ. ನನಗಂತೂ ಇದೇ ಹೆಚ್ಚು ಇಷ್ಟ.

ಫ್ರಾಸ್ಟಿಂಗ್ ಈಗಾಗಲೇ ನೀರಾಗಿದ್ದರೆ? ಬೆಣ್ಣೆ ಬೆಚ್ಚಗಾಗಿ ಹಾಗಾಗಿದ್ದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಸ್ಪ್ಯಾಚುಲಾದಲ್ಲಿ (ಚಪ್ಪಟೆ ಸೌಟು) ತಳದಿಂದ ಮೇಲಕ್ಕೆ ನಿಧಾನಕ್ಕೆ ಮಗುಚಿದರೆ ಸರಿಹೋಗುತ್ತದೆ. ಆಗಲೂ ಸಡಿಲ ಇದ್ದರೆ 100 ಗ್ರಾಂ ವೈಟ್ ಚಾಕೊಲೇಟ್ ಕರಗಿಸಿ, ಆರಿಸಿ, ಬೆರೆಸಿ ಮತ್ತೆ ತಣ್ಣಗೆ ಮಾಡಿ. ಚಾಕೊಲೇಟಿನ ಕೊಬ್ಬು ಗಟ್ಟಿಯಾದಂತೆ ಫ್ರಾಸ್ಟಿಂಗೂ ಬಿಗಿಯಾಗುತ್ತದೆ. ಚೀಸೇ ಒಡೆದು ನೀರು ಬೇರೆಯಾಗಿ ಕಂಡರೆ ಮಾತ್ರ ಅದನ್ನು ಕಪ್‌ಕೇಕಿನ ಮೇಲೆ ತೆಳುವಾಗಿ ಸುರಿದು ಬಡಿಸಿ, ರುಚಿಗೇನೂ ಮೋಸವಿಲ್ಲ. ಹಚ್ಚಿದ ಕೇಕನ್ನು ಫ್ರಿಜ್ಜಿನಲ್ಲೇ ಇಡಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬೇಡ. 32 ಡಿಗ್ರಿ ದಾಟಿದ ದಿನವಾದರೆ ಒಂದೇ ಗಂಟೆ.