ಅಂದಿನ ದಿಗ್ಗಜರು ಇಂದಿನ ಅಂಗಳಕ್ಕಿಳಿದರೆ

ಅರವತ್ತರ ದಶಕದ ತಾರೆ ವಿಲ್ಟ್ ಚೇಂಬರ್ಲೇನ್ ಇಂದು ಆಡುತ್ತಿದ್ದರೆ ಪಂದ್ಯವೊಂದರಲ್ಲಿ ನೂರು ಪಾಯಿಂಟ್ ಗಳಿಸಲು ಆಗುತ್ತಿತ್ತೇ, ಐವತ್ತರ ದಶಕದ ಬಾಬ್ ಕೂಝಿಗೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಈಗಿನ ಯಾವುದಾದರೂ ತಂಡದಲ್ಲಿ ಜಾಗ ಸಿಗುತ್ತಿತ್ತೇ ಎಂದು ನನ್ನ ಬಳಿ ಬ್ಯಾಸ್ಕೆಟ್‌ಬಾಲ್ ಕಲಿಯಲು ಬರುವ ಮಕ್ಕಳು ಮೇಲಿಂದ ಮೇಲೆ ಕೇಳುತ್ತಾರೆ. ಫೋನಿನಲ್ಲಿ ಹಳೆಯ ಕಪ್ಪು ಬಿಳುಪು ತುಣುಕುಗಳನ್ನು ನೋಡಿ, ಇವರು ನಮ್ಮ ಕಾಲೇಜು ತಂಡಕ್ಕೂ ಸಾಲುವುದಿಲ್ಲ ಎಂದು ತೀರ್ಮಾನಿಸುವವರು ಅವರಲ್ಲಿದ್ದಾರೆ. ಅಂದಿನವರ ಗಟ್ಟಿತನ ಇಂದಿನವರಿಗೆ ಎಲ್ಲಿಂದ ಬರಬೇಕು ಎನ್ನುವವರು ನನ್ನ ವಯಸ್ಸಿನವರಲ್ಲಿದ್ದಾರೆ. ಈ ಎರಡೂ ಮಾತುಗಳು ಆಟಗಾರನನ್ನು ಅವನ ಕಾಲದ ನಿಯಮ, ತರಬೇತಿ, ವೈದ್ಯಕೀಯ ಸೌಲಭ್ಯಗಳ ಸಮೇತ ಎತ್ತಿ ತಂದು ಇಂದಿನ ಅಂಗಳದಲ್ಲಿ ಇಳಿಸುತ್ತವೆ. ತರಬೇತುದಾರನಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಒಬ್ಬ ತಾರೆಯ ಯಶಸ್ಸಿನಲ್ಲಿ ಆ ಕಾಲದ ಪರಿಸ್ಥಿತಿ ಕೊಟ್ಟದ್ದು ಎಷ್ಟು, ಅವನ ಕೈ, ಕಾಲು ಮತ್ತು ಬುದ್ಧಿಯದೇ ಆದದ್ದು ಎಷ್ಟು ಎಂಬುದನ್ನು ಬೇರೆಬೇರೆಯಾಗಿ ನೋಡಿದಾಗ ಮಾತ್ರ ಈ ಚರ್ಚೆಗೆ ಅರ್ಥ ಬರುತ್ತದೆ.

ಚೇಂಬರ್ಲೇನ್ ಅವರ ಅಂಕಿಗಳಿಂದಲೇ ಆರಂಭಿಸೋಣ. 1961–62ರ ಋತುವಿನಲ್ಲಿ ಅವರು ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಮತ್ತು 25.7 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು) ಪಡೆದರು. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ನೂರು ಪಾಯಿಂಟ್ ಗಳಿಸಿದ್ದೂ ಅದೇ ಋತುವಿನಲ್ಲಿ. ಆದರೆ ಆಗ ಒಂದು ತಂಡ ಪಂದ್ಯವೊಂದರಲ್ಲಿ ಸುಮಾರು 108 ಬಾರಿ ರಿಂಗಿನತ್ತ ಚೆಂಡು ಎಸೆಯುತ್ತಿತ್ತು. ಈಗ ಎಸೆಯುವುದು ಸುಮಾರು 89 ಬಾರಿ. ಗುರಿ ತಪ್ಪುವ ಎಸೆತಗಳ ಪ್ರಮಾಣವೂ ಆಗ ಹೆಚ್ಚಾಗಿತ್ತಾದ್ದರಿಂದ ಒಂದೊಂದು ತಂಡಕ್ಕೆ 70ಕ್ಕೂ ಹೆಚ್ಚು ರಿಬೌಂಡ್ ಸಿಗುತ್ತಿದ್ದವು. ಈಗ ಸಿಗುವುದು 44ರ ಆಸುಪಾಸು. ಹೆಚ್ಚುವರಿ ಅವಧಿಗಳೂ ಸೇರಿ ಚೇಂಬರ್ಲೇನ್ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 48.5 ನಿಮಿಷ, ಅಂದರೆ ಹೆಚ್ಚುಕಡಿಮೆ ಬೆಂಚಿನ ಮುಖ ನೋಡದೆಯೇ ಆಡಿದ್ದರು. ಇಂದಿನ ತಾರೆ ಆಡುವುದು 36 ನಿಮಿಷದ ಸುತ್ತಮುತ್ತ. ವೇಗ ಮತ್ತು ಅವಧಿಯ ಈ ವ್ಯತ್ಯಾಸಗಳನ್ನು ಸರಿಹೊಂದಿಸಿ ನೋಡಿದರೆ ಅವರ 50 ಪಾಯಿಂಟ್ ಸುಮಾರು 31ಕ್ಕೆ, 25.7 ರಿಬೌಂಡ್ ಸುಮಾರು 12ಕ್ಕೆ ಇಳಿಯುತ್ತವೆ. ಲೆಕ್ಕ ಒರಟು, ನಿಜ. ಆದರೂ ಪಂದ್ಯಕ್ಕೆ 31 ಪಾಯಿಂಟ್, 12 ರಿಬೌಂಡ್ ಕೊಡುವ ಆಟಗಾರ ಈ ಹೊತ್ತಿನ ಎನ್‌ಬಿಎಯಲ್ಲೂ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿಯ ಸ್ಪರ್ಧೆಯಲ್ಲಿ ಇರುತ್ತಾನೆ. ದಾಖಲೆ ಉಳಿಯುತ್ತಿರಲಿಲ್ಲ, ತಾರಾಪಟ್ಟ ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. 7 ಅಡಿ 1 ಅಂಗುಲ ಎತ್ತರದ ಆ ಮನುಷ್ಯ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹೈ ಜಂಪ್ ಸ್ಪರ್ಧಿಯೂ ಆಗಿದ್ದರು ಎಂಬುದನ್ನು ಮರೆಯಬಾರದು.

ಅವರ ತೊಡಕು ಬೇರೆಡೆ ಇದೆ. ವೃತ್ತಿಜೀವನದುದ್ದಕ್ಕೂ ಅವರ ಫ್ರೀ ಥ್ರೋ ಯಶಸ್ಸು ಶೇ 51.1 ಮಾತ್ರ. ಹರ್ಷಿಯ ಪಂದ್ಯದಲ್ಲಿ, ಎರಡೂ ಕೈಗಳಿಂದ ಚೆಂಡನ್ನು ಕೆಳಗಿನಿಂದ ಎತ್ತಿ ಎಸೆಯುವ ಶೈಲಿಯಲ್ಲಿ, ಅವರು 32ರಲ್ಲಿ 28 ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದ್ದರು. ಆಮೇಲೆ ಆ ಶೈಲಿಯನ್ನೇ ಬಿಟ್ಟರು. ನಮ್ಮ ವೃತ್ತಿಯಲ್ಲಿ ಫ್ರೀ ಥ್ರೋ ಅಂಕಿಯನ್ನು ಬಹಳ ಗಂಭೀರವಾಗಿ ಪರಿಗಣಿಸುತ್ತೇವೆ. ಎದುರಾಳಿಯ ಅಡ್ಡಿಯಿಲ್ಲದೆ, ಸದಾ ಒಂದೇ ದೂರದಿಂದ ಎಸೆಯುವ ಈ ಚೆಂಡು ಆಟಗಾರನ ಕೈಯ ಹದವನ್ನು ಇದ್ದ ಹಾಗೆ ತೋರಿಸುತ್ತದೆ. ಹಿಂದಿನ ಕಾಲದ ಆಟಗಾರನೊಬ್ಬ ಇಂದು ರಿಂಗಿನಿಂದ ದೂರದ ಮೂರು ಪಾಯಿಂಟಿನ ಗೆರೆಯಾಚೆಯಿಂದ ಎಸೆಯಲು ಕಲಿಯುತ್ತಿದ್ದನೇ ಎಂದು ಊಹಿಸುವಾಗ ನಾನು ಮೊದಲು ನೋಡುವುದು ಅವನ ಫ್ರೀ ಥ್ರೋ ಸಾಧನೆಯನ್ನೇ ಹೊರತು ಅವನು ಆಗ ಗಳಿಸಿದ ಮೂರು ಪಾಯಿಂಟ್‌ಗಳ ಸಂಖ್ಯೆಯನ್ನಲ್ಲ.

ಏಕೆಂದರೆ ಎನ್‌ಬಿಎಯಲ್ಲಿ ಆ ಗೆರೆ ಬಂದದ್ದೇ 1979–80ರಲ್ಲಿ. ಆ ಋತುವಿನಲ್ಲಿ ಒಂದು ತಂಡ ಗೆರೆಯಾಚೆಯಿಂದ ಪಂದ್ಯಕ್ಕೆ ಸರಾಸರಿ ಮೂರು ಬಾರಿಯೂ ಎಸೆಯುತ್ತಿರಲಿಲ್ಲ. 2024–25ರಲ್ಲಿ ಆ ಸರಾಸರಿ 37 ದಾಟಿತ್ತು. ಲ್ಯಾರಿ ಬರ್ಡ್ ಆ ಕಾಲದ ಅತ್ಯುತ್ತಮ ಎಸೆಗಾರರೆನಿಸಿಕೊಂಡರೂ ವೃತ್ತಿಜೀವನದ ಸರಾಸರಿಯಲ್ಲಿ ಪಂದ್ಯಕ್ಕೆ ಎರಡು ಬಾರಿಗಿಂತ ಹೆಚ್ಚು ಅಲ್ಲಿಂದ ಪ್ರಯತ್ನಿಸಿದವರಲ್ಲ. ಬೇಡವೆಂದಲ್ಲ, ಅಂದಿನ ತರಬೇತುದಾರರು ಅದನ್ನು ಅವಸರದ ಎಸೆತವೆಂದು ಭಾವಿಸಿದ್ದರು. ಶೇ 88.6 ಫ್ರೀ ಥ್ರೋ ಯಶಸ್ಸು, 6 ಅಡಿ 9 ಅಂಗುಲ ಎತ್ತರ, ಚೆಂಡು ಕೈಗೆ ಬರುವ ಮೊದಲೇ ಮುಂದಿನ ಪಾಸ್ ಎಲ್ಲಿಗೆಂದು ತಿಳಿದಿರುವ ಮನಸ್ಸು, ಇಷ್ಟೂ ಇರುವ ಬರ್ಡ್ ಅವರ ಬೆಲೆ ಇಂದು ಅಂದಿಗಿಂತ ಹೆಚ್ಚಾಗುತ್ತಿತ್ತು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ದೂರದ ಎಸೆತಕ್ಕೆ ಹೆಸರಾಗಿದ್ದ ಪೀಟ್ ಮಾರಾವಿಚ್ ಮೊಣಕಾಲು ಸವೆದು ನಿವೃತ್ತಿಯ ಅಂಚಿಗೆ ಬಂದಿದ್ದಾಗ ಆ ಗೆರೆ ಬಂತು. ತಮ್ಮ ಕೊನೆಯ ಋತುವಿನಲ್ಲಿ ಅವರು ಅಲ್ಲಿಂದ ಎಸೆದದ್ದು 15 ಬಾರಿ, ಬುಟ್ಟಿಗೆ ಬಿದ್ದದ್ದು 10. ಮ್ಯಾಜಿಕ್ ಜಾನ್ಸನ್ ಆರಂಭದ ವರ್ಷಗಳಲ್ಲಿ ದೂರದ ಎಸೆತದಲ್ಲಿ ದುರ್ಬಲರಾಗಿದ್ದವರು. 1989–90ರ ಹೊತ್ತಿಗೆ ಒಂದೇ ಋತುವಿನಲ್ಲಿ ಶೇ 38.4 ಯಶಸ್ಸಿನೊಂದಿಗೆ 106 ಬಾರಿ ಗುರಿ ಮುಟ್ಟಿಸಿದ್ದರು. ರಿಂಗಿನ ಬಳಿ ಆಡುವ ಎತ್ತರದ ಸೆಂಟರ್‌ಗಳು ಈ ವಿದ್ಯೆಯನ್ನು ತಡವಾಗಿ ಕಲಿಯಲಾರರು ಎನ್ನುವವರಿಗೆ ಬ್ರೂಕ್ ಲೋಪೆಜ್ ಉತ್ತರ. ಮೊದಲ ಎಂಟು ಋತುಗಳಲ್ಲಿ ಒಟ್ಟು ಮೂರು ಬಾರಿ ಮಾತ್ರ ಗೆರೆಯಾಚೆಯಿಂದ ಬುಟ್ಟಿಗೆ ಹಾಕಿದ್ದ ಆ ಏಳಡಿಯ ಆಟಗಾರ, ಒಂಬತ್ತನೆಯ ಋತುವಿನಲ್ಲಿ 134 ಬಾರಿ ಹಾಕಿದರು. ಕೈಯಲ್ಲಿ ಹದವಿದ್ದವನು ಅಗತ್ಯ ಬಂದಾಗ ಕಲಿಯುತ್ತಾನೆ.

ಇದನ್ನು ನಮ್ಮಲ್ಲೂ ಕಂಡಿದ್ದೇನೆ. ನಾವು ಆಡುವ, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳಲ್ಲಿ 2000ದಲ್ಲಿ ಚೆಂಡು ಸಿಕ್ಕ ತಂಡಕ್ಕೆ ಎಸೆಯಲು ಇರುವ ಅವಧಿ 30 ಸೆಕೆಂಡಿನಿಂದ 24ಕ್ಕೆ ಇಳಿಯಿತು, 20 ನಿಮಿಷಗಳ ಎರಡು ಅವಧಿಗಳ ಬದಲು 10 ನಿಮಿಷಗಳ ನಾಲ್ಕು ಅವಧಿಗಳು ಬಂದವು. 2010ರಲ್ಲಿ ಮೂರು ಪಾಯಿಂಟಿನ ಗೆರೆ 6.25 ಮೀಟರಿನಿಂದ 6.75 ಮೀಟರಿಗೆ ಸರಿಯಿತು, ರಿಂಗಿನ ಕೆಳಗಿದ್ದ, ಕೀ ಎಂದು ಕರೆಯುವ ಇಳಿಜಾರು ಬದಿಗಳ ಗುರುತಿನ ಜಾಗ ಆಯತಾಕಾರವಾಯಿತು. ಆಟಗಾರರ ವೃತ್ತಿಜೀವನದ ನಡುವೆಯೇ ಕಾಲ ಬದಲಾದ ಹಾಗಾಯಿತು. ಹೊಸ ನಿಯಮಕ್ಕೆ ಬೇಗ ಒಗ್ಗಿಕೊಂಡವರು ತಂಡದ ಅತಿ ವೇಗಿಗಳೋ ಅತಿ ಬಲಶಾಲಿಗಳೋ ಆಗಿರಲಿಲ್ಲ. ಎದುರಾಳಿಯ ಚಲನೆಯನ್ನು ಮೊದಲೇ ಗ್ರಹಿಸುತ್ತಿದ್ದವರು, ಕೈ ಹದವಾಗಿದ್ದವರು ಒಂದೆರಡು ಟೂರ್ನಿಗಳಲ್ಲೇ ಹೊಂದಿಕೊಂಡರು. ಒಂದೇ ಜಾಗ, ಒಂದೇ ತಿರುವು, ಒಂದೇ ಎಸೆತವನ್ನು ನೆಚ್ಚಿಕೊಂಡಿದ್ದವರು ನಿಧಾನವಾಗಿ ಬೆಂಚಿಗೆ ಸರಿದರು.

ಮೈಕೆಲ್ ಜೋರ್ಡನ್ ಕುರಿತ ವಾದದಲ್ಲಿ ನಿಯಮದ ಅರ್ಧ ಭಾಗ ಮಾತ್ರ ಕೇಳಿಬರುತ್ತದೆ. ಅವರ ಕಾಲದಲ್ಲಿ ರಕ್ಷಣೆಯವನು ಚೆಂಡು ಹಿಡಿದವನ ಸೊಂಟದ ಮೇಲೆ ಕೈಯಿಟ್ಟು ಅವನ ದಾರಿಯನ್ನು ತಿರುಗಿಸಬಹುದಾಗಿತ್ತು. 2004–05ರಿಂದ ಇದನ್ನು ಕಟ್ಟುನಿಟ್ಟಾಗಿ ಫೌಲ್ ಎಂದು ಪರಿಗಣಿಸಲಾಯಿತು. ಹಾಗಾಗಿ ಜೋರ್ಡನ್ ಇಂದು ಇನ್ನೂ ಸುಲಭವಾಗಿ ಪಾಯಿಂಟ್ ಗಳಿಸುತ್ತಿದ್ದರು ಎಂಬ ಮಾತು ನಿಜ. ಆದರೆ 2001ಕ್ಕೆ ಮೊದಲು ಎನ್‌ಬಿಎಯಲ್ಲಿ ಜೋನ್ ಡಿಫೆನ್ಸ್‌ಗೆ (ಒಬ್ಬ ಎದುರಾಳಿಯ ಬದಲು ಅಂಗಳದ ಒಂದು ಭಾಗವನ್ನು ಕಾಯುವುದಕ್ಕೆ) ಅವಕಾಶವೇ ಇರಲಿಲ್ಲ. ರಕ್ಷಣೆಯವನು ತನ್ನ ಎದುರಾಳಿಯ ಹತ್ತಿರವಿರಬೇಕು, ಇಲ್ಲವೇ ಪೂರ್ತಿಯಾಗಿ ಚೆಂಡಿದ್ದವನ ಮೇಲೆ ಹೋಗಬೇಕು. ನಡುವೆ ನಿಂತು ಕಾಯುವಂತಿರಲಿಲ್ಲ. ಇದರಿಂದ ಶಿಕಾಗೊ ತಂಡ ಉಳಿದವರನ್ನು ಅಂಗಳದ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯನ್ನು ಜೋರ್ಡನ್ ಮತ್ತು ಅವರನ್ನು ಕಾಯುವ ಒಬ್ಬನಿಗೆ ಬಿಟ್ಟುಕೊಡಬಹುದಾಗಿತ್ತು. ಇಂದು ಆ ಖಾಲಿ ಬದಿಗೆ ಎದುರಾಳಿಯ ಎರಡನೆಯವನು ಮೊದಲೇ ಬಂದು ನಿಂತಿರುತ್ತಾನೆ. ಒಂದು ಕೈಯಲ್ಲಿ ಸಿಕ್ಕ ಲಾಭವನ್ನು ಇನ್ನೊಂದು ನಿಯಮ ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ.

ಉಳಿಯುವುದು ಆಟಗಾರನ ಹೊಂದಿಕೊಳ್ಳುವ ಶಕ್ತಿ. 1986–87ರಲ್ಲಿ ಪಂದ್ಯಕ್ಕೆ 37.1 ಪಾಯಿಂಟ್ ಗಳಿಸಿದಾಗ ಜೋರ್ಡನ್ ಇಡೀ ಋತುವಿನಲ್ಲಿ ಹಾಕಿದ ಮೂರು ಪಾಯಿಂಟಿನ ಎಸೆತಗಳು 12. ಮೂರೇ ವರ್ಷಗಳಲ್ಲಿ, 1989–90ರಲ್ಲಿ, ಅವು 92ಕ್ಕೆ ಏರಿದವು. ಯಶಸ್ಸು ಶೇ 37.6. ದೇಹ ಮೊದಲಿನಂತೆ ನೆಗೆಯದಾದಾಗ ಅವರು ಬೆನ್ನು ತಿರುಗಿಸಿ ಹಿಂದಕ್ಕೆ ಹಾರಿ ಎಸೆಯುವ ಶೈಲಿಯನ್ನು ಕಟ್ಟಿಕೊಂಡರು. ಇಂಥ ಕಲಿಕೆಯುಳ್ಳವರ ಬಗ್ಗೆ ನನಗೆ ಅನುಮಾನವಿಲ್ಲ. ಇದೇ ಮಾತಿಗೆ ವಿನ್ಸ್ ಕಾರ್ಟರ್ ಜೀವಂತ ಪುರಾವೆ. ಜೋನ್ ನಿಷೇಧವಿದ್ದ 1998–99ರ ಋತುವಿನಲ್ಲಿ ರಿಂಗಿನ ಮೇಲೆ ಹಾರುವವರಾಗಿ ಬಂದು, 2020ರಲ್ಲಿ ದೂರದಿಂದ ಎಸೆಯುವ ಹಿರಿಯರಾಗಿ ಅವರು ನಿವೃತ್ತರಾದರು.

ನಿಜವಾಗಿ ಕಷ್ಟಪಡುತ್ತಿದ್ದವರು ಯಾರೆಂದು ಕೇಳಿದರೆ ನಾನು ದೊಡ್ಡ ದೇಹದ ಸೆಂಟರ್‌ಗಳತ್ತ ಕೈ ತೋರಿಸುತ್ತೇನೆ, ಅದೂ ಅವರ ಆಕ್ರಮಣಕ್ಕಾಗಿ ಅಲ್ಲ. ಶಕೀಲ್ ಓನೀಲ್ ರಿಂಗಿನ ಕೆಳಗೆ ಚೆಂಡು ಹಿಡಿದರೆ ಇಂದಿನ ಯಾವ ಸೆಂಟರ್ ಕೂಡ ಒಬ್ಬನೇ ಅವರನ್ನು ತಡೆಯಲಾರ. ಆದರೆ ಅಂಗಳದ ಇನ್ನೊಂದು ತುದಿಯಲ್ಲಿ ಎದುರಾಳಿ ತಂಡ ಪ್ರತಿ ಸಲವೂ ಅವರು ಕಾಯುತ್ತಿರುವವನನ್ನೇ ಸ್ಕ್ರೀನ್ ಹಾಕಲು, ಅಂದರೆ ಚೆಂಡಿದ್ದವನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಲು, ಕರೆಯುತ್ತದೆ. ಸ್ಟೀಫನ್ ಕರ್ರಿಯಂಥವರು ಆ ಸ್ಕ್ರೀನ್ ಹಿಂದಿನಿಂದ ಎಸೆಯಲು ಸಿದ್ಧರಾಗಿರುವಾಗ ಸೆಂಟರ್ ಮುಂದೆ ಬಂದರೆ ಬೆನ್ನ ಹಿಂದೆ ದಾರಿ ತೆರೆಯುತ್ತದೆ, ಹಿಂದೆ ನಿಂತರೆ ಮೂರು ಪಾಯಿಂಟ್ ಹೋಗುತ್ತದೆ. ಎದುರಾಳಿಯನ್ನು ಕಾಯದೆ ಕೀ ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದೂ 2001ರಿಂದ ತಪ್ಪು. ಅಡ್ಡಡ್ಡ ಸರಿಯುವ ಪಾದಗಳು ಇಲ್ಲದ ದೊಡ್ಡ ದೇಹಕ್ಕೆ ಪ್ಲೇಆಫ್ ಸರಣಿಯಲ್ಲಿ ಅಡಗುವ ಜಾಗವಿಲ್ಲ.

ಇದೇ ಅಳತೆಯಲ್ಲಿ ಬಿಲ್ ರಸೆಲ್ ಮೇಲೇರುತ್ತಾರೆ. 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ಆದ ಅವರ ಫ್ರೀ ಥ್ರೋ ಶೇ 56ರಷ್ಟೇ ಇದ್ದುದರಿಂದ ದೂರದ ಎಸೆತವನ್ನು ನಾನು ನಿರೀಕ್ಷಿಸುವುದಿಲ್ಲ. ಆದರೆ 6 ಅಡಿ 10 ಅಂಗುಲದ ಆ ಹೈ ಜಂಪರ್, ಚೆಂಡು ನಡೆಸುವ ಗಾರ್ಡ್‌ಗಳ ಹಿಂದೆ ಹೊರಗಿನವರೆಗೂ ಓಡಿ ಮತ್ತೆ ರಿಂಗಿಗೆ ಮರಳಿ ಎಸೆತವನ್ನು ತಡೆಯುತ್ತಿದ್ದರು. ತಡೆದ ಚೆಂಡನ್ನು ಪ್ರೇಕ್ಷಕರತ್ತ ಅಟ್ಟದೆ ತಮ್ಮ ತಂಡದವರ ಕೈಗೆ ಬೀಳುವಂತೆ ತಟ್ಟುತ್ತಿದ್ದರು. ಇಂದು ತಂಡಗಳು ಹುಡುಕುವ ಸೆಂಟರ್ ಇಂಥವನೇ. ಹಳೆಯ ತುಣುಕುಗಳನ್ನು ತೋರಿಸುವಾಗ ಮಕ್ಕಳಿಗೆ ಚೆಂಡನ್ನು ಬಿಟ್ಟು ರಸೆಲ್ ಅವರ ಪಾದಗಳನ್ನೇ ನೋಡಲು ಹೇಳುತ್ತೇನೆ.

ಬಾಬ್ ಕೂಝಿ ವಿಷಯದಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಅವರು ಬಲಗೈಯೊಂದರಲ್ಲೇ, ಅಂಗೈಯನ್ನು ಚೆಂಡಿನ ಮೇಲಿಟ್ಟು ಡ್ರಿಬಲ್ ಮಾಡುವುದನ್ನು ಕಂಡು ನಗುವವರು, ಕೈ ಸ್ವಲ್ಪ ಕೆಳಗೆ ಜಾರಿದರೂ ಅಂದಿನ ರೆಫರಿ ಸೀಟಿ ಊದುತ್ತಿದ್ದರು ಎಂಬುದನ್ನು ತಿಳಿಯಬೇಕು. ಇಂದಿನ ಸಡಿಲಿಕೆಯಲ್ಲಿ ಬೆಳೆದಿದ್ದರೆ ಅವರ ಡ್ರಿಬ್ಲಿಂಗ್ ಬೇರೆಯೇ ಇರುತ್ತಿತ್ತು. ಸತತ ಎಂಟು ಋತು ಅಸಿಸ್ಟ್‌ಗಳಲ್ಲಿ, ಅಂದರೆ ನೇರವಾಗಿ ಬುಟ್ಟಿಗೆ ದಾರಿ ಮಾಡುವ ಪಾಸ್‌ಗಳಲ್ಲಿ, ಮೊದಲಿಗರಾದ ಆ ಕಣ್ಣು, ಶೇ 80ರ ಫ್ರೀ ಥ್ರೋ ಕೈ ಎರಡೂ ಅವರ ಸ್ವಂತದ್ದು. ಆದರೆ 6 ಅಡಿ 1 ಅಂಗುಲದ ಗಾರ್ಡ್‌ನನ್ನು ಇಂದಿನ ತಂಡಗಳು ರಕ್ಷಣೆಯಲ್ಲಿ ಬಿಡದೆ ಬೇಟೆಯಾಡುತ್ತವೆ. ಒಳ್ಳೆಯ ಆಟಗಾರರಾಗಿ ಉಳಿಯುತ್ತಿದ್ದರು, ತಂಡದ ಕೇಂದ್ರವಾಗುತ್ತಿರಲಿಲ್ಲ ಎಂಬುದು ನನ್ನ ಎಣಿಕೆ.

ಕಾಲದಿಂದ ಅತಿ ಹೆಚ್ಚು ಅನ್ಯಾಯವಾದದ್ದು ನನ್ನ ದೃಷ್ಟಿಯಲ್ಲಿ ಆರ್ವಿದಾಸ್ ಸಬೊನಿಸ್ ಅವರಿಗೆ. 7 ಅಡಿ 3 ಅಂಗುಲದ ಈ ಲಿಥುವೇನಿಯಾದ ಸೆಂಟರ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡಕ್ಕೆ ಚಿನ್ನ ಗೆದ್ದುಕೊಟ್ಟಾಗಲೇ ಅಕಿಲಿಸ್ ಸ್ನಾಯುರಜ್ಜುವಿನ ಗಾಯವನ್ನು ಕಂಡಿದ್ದರು. ಪೋರ್ಟ್‌ಲ್ಯಾಂಡ್ ತಂಡ 1986ರಲ್ಲೇ ಅವರನ್ನು ಆಯ್ಕೆ ಮಾಡಿದ್ದರೂ ಅವರು ಎನ್‌ಬಿಎ ಅಂಗಳಕ್ಕೆ ಇಳಿದದ್ದು 1995ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಓಡಲು ಕಷ್ಟಪಡುವ ಕಾಲುಗಳೊಂದಿಗೆ. ಆದರೂ ಮೊದಲ ಋತುವಿನಲ್ಲಿ ಪಂದ್ಯಕ್ಕೆ 24 ನಿಮಿಷಕ್ಕಿಂತ ಕಡಿಮೆ ಆಡಿ 14.5 ಪಾಯಿಂಟ್, 8.1 ರಿಬೌಂಡ್ ಪಡೆದರು. ಗೆರೆಯಾಚೆಯಿಂದ ಎಸೆದರು, ಬೆನ್ನ ಹಿಂದಿನಿಂದ ಪಾಸ್ ಕೊಟ್ಟರು. ವೇಗವಾಗಿ ಓಡದ, ಎತ್ತರಕ್ಕೆ ನೆಗೆಯದ ನಿಕೊಲಾ ಯೋಕಿಚ್ 2021, 2022 ಮತ್ತು 2024ರಲ್ಲಿ ವರ್ಷದ ಶ್ರೇಷ್ಠ ಆಟಗಾರರಾಗಿರುವ ಈ ಕಾಲದಲ್ಲಿ, ಇಂದಿನ ಶಸ್ತ್ರಚಿಕಿತ್ಸೆ ಮತ್ತು ವಿಶ್ರಾಂತಿಯ ವ್ಯವಸ್ಥೆ ಸಿಕ್ಕಿ ಇಪ್ಪತ್ತೆರಡರಲ್ಲೇ ಎನ್‌ಬಿಎಗೆ ಬಂದ ಸಬೊನಿಸ್ ಏನು ಮಾಡುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಅವರ ಮಗ ಡೊಮಾಂಟಾಸ್, ತಂದೆಗಿಂತ ಕುಳ್ಳ, ದೂರದ ಎಸೆತವನ್ನು ಅಷ್ಟಾಗಿ ನೆಚ್ಚದವರು. ಆದರೂ ಸ್ಯಾಕ್ರಮೆಂಟೊ ತಂಡ ತನ್ನ ಇಡೀ ಆಕ್ರಮಣವನ್ನು ಅವರ ಕೈಯ ಮೂಲಕ ಹಾಯಿಸಿತು, 2022–23ರಿಂದ ಸತತ ಮೂರು ಋತು ರಿಬೌಂಡ್‌ಗಳಲ್ಲಿ ಅವರೇ ಎನ್‌ಬಿಎಯ ಮೊದಲಿಗರಾದರು.