ಗೇಜ್ ಸೊನ್ನೆ ತೋರಿಸಿದ ಮೇಲೆ

"ಮೇಡಂ, ಹೈಡ್ರೋಜನ್ ಪೂರ್ತಿ ತೆಗೆದಾಯ್ತು. ಗೇಜ್ ಸೊನ್ನೆ ತೋರಿಸ್ತಿದೆ. ಸಿಲಿಂಡರ್ ತೊಳೆದುಬಿಡ್ಲಾ?" ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಕೇಳಿದ. ಇನ್ನೊಂದು ಕೈಯಲ್ಲಿ ಆಗಲೇ ನೀರಿನ ಪೈಪ್. ನನ್ನ ಎದೆ ಝಲ್ಲೆಂದಿತು.

ಒಳಗಿದ್ದದ್ದು ಸೋಡಿಯಂ ಅಲನೇಟ್, ಹೈಡ್ರೋಜನ್ ಕೂಡಿಡುವ ಪುಡಿ. ಚೂರು ಟೈಟಾನಿಯಂ ಬೆರೆಸಿದರೆ ಇದು ಹೈಡ್ರೋಜನ್ ಬಿಟ್ಟುಕೊಟ್ಟು ಮತ್ತೆ ಹೀರಿಕೊಳ್ಳುತ್ತದೆ ಎಂದು 1997ರಲ್ಲಿ ಜರ್ಮನಿಯಲ್ಲಿ ಬೊಗ್ಡಾನೊವಿಚ್ ಮತ್ತು ಶ್ವಿಕಾರ್ಡಿ ತೋರಿಸಿಕೊಟ್ಟರು. ಆದರೆ ಅದು ಬಿಟ್ಟುಕೊಡುವುದು ತೂಕದ ಸುಮಾರು 5.6% ಮಾತ್ರ. ಉಳಿಯುವುದು ಹೈಡ್ರೋಜನ್ ಇನ್ನೂ ಹಿಡಿದಿಟ್ಟುಕೊಂಡಿರುವ, ನೀರು ತಾಗಿದರೆ ಭಗ್ಗೆನ್ನುವ ಸೋಡಿಯಂ ಹೈಡ್ರೈಡ್ ಮತ್ತು ಹಿಟ್ಟಿನಂಥ ಅಲ್ಯೂಮಿನಿಯಂ. ಆ ಹೈಡ್ರೈಡ್‌ನಿಂದಲೂ ಬಿಡಿಸಬೇಕಾದರೆ 400 ಡಿಗ್ರಿ ದಾಟಿಸಬೇಕು. ಅಷ್ಟು ಯಾರೂ ಕಾಯಿಸುವುದಿಲ್ಲ. ಗೇಜ್ ಹೇಳುವುದು ಗ್ಯಾಸಿನ ಒತ್ತಡ ಅಷ್ಟೇ, ಪುಡಿಯ ಕಥೆ ಅದಕ್ಕೆ ಗೊತ್ತಿಲ್ಲ.

ಅದಕ್ಕೇ ತೊಳೆಯುವ ಮುಂಚೆ ಪುಡಿಯನ್ನು ತಣ್ಣಗಾಗಿಸಬೇಕು. ನಾವು ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನಲ್ಲಿ (ಗಾಳಿ ನುಗ್ಗದ, ಕೈಗವಸು ಜೋಡಿಸಿದ ಪೆಟ್ಟಿಗೆ) ಪುಡಿ ಹೊರಗೆ ತೆಗೆಯುತ್ತೇವೆ. ಒಂದು ಸಲಕ್ಕೆ 5 ಗ್ರಾಂ, ಜಾಸ್ತಿ ಇಲ್ಲ. ನೀರಿನಂಶವಿಲ್ಲದ ಹೆಪ್ಟೇನ್ ಎಂಬ ದ್ರವದಲ್ಲಿ ಕಲಸಿ, ಫ್ಲಾಸ್ಕನ್ನು ಫ್ಯೂಮ್ ಹುಡ್‌ನಲ್ಲಿ (ಗ್ಯಾಸನ್ನು ಹೊರಗೆಳೆಯುವ ಗೂಡು) ಐಸಿನ ಮೇಲೆ ಕೂರಿಸಿ, ನೈಟ್ರೋಜನ್ ಹರಿಸುತ್ತಾ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಡುತ್ತೇವೆ, ತೊಟ್ಟು ತೊಟ್ಟಾಗಿ. ಮೊದಲ ಕೆಲವು ತೊಟ್ಟಿಗೆ ಏನೂ ಆಗದಂತೆ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ಬೇಸರವಾಗಿ ಆಲ್ಕೊಹಾಲಿನ ನಲ್ಲಿ ಜಾಸ್ತಿ ತಿರುಗಿಸಿದಿರೋ, ಹಾಲು ಉಕ್ಕಿದ ಹಾಗೆ ನೊರೆ ಫ್ಲಾಸ್ಕಿನ ಕತ್ತಿಗೆ ಬರುತ್ತದೆ. ಹಾಲಾದರೆ ಒಲೆ ಆರಿಸಬಹುದು. ಇಲ್ಲಿ ಒಲೆ ಒಳಗೇ ಇದೆಯಲ್ಲ!

ನೊರೆ ನಿಂತ ಮೇಲೆ ನೀರು, ಅದೂ ತೊಟ್ಟು ತೊಟ್ಟೇ. ಆಗ ಎರಡನೇ ಸುತ್ತು ಶುರು. ಸೋಡಿಯಂ ಈಗ ಕಾಸ್ಟಿಕ್ ಸೋಡಾ ಆಗಿರುತ್ತದೆ. ಅದು ಅಲ್ಯೂಮಿನಿಯಂ ಪುಡಿಯನ್ನು ತಿನ್ನುತ್ತಾ ಮತ್ತೆ ಹೈಡ್ರೋಜನ್ ಎಬ್ಬಿಸುತ್ತದೆ. ಲೆಕ್ಕ ಹಾಕಿದರೆ ಇಂಥ 'ಖಾಲಿ' ಪುಡಿಯ 1 ಗ್ರಾಮಿನಿಂದ 1 ಲೀಟರಿಗಿಂತ ಜಾಸ್ತಿ ಗ್ಯಾಸ್ ಬರುತ್ತದೆ, ಅರ್ಧಕ್ಕಿಂತ ಹೆಚ್ಚು ಅಲ್ಯೂಮಿನಿಯಂನದ್ದೇ. ಗಾಳಿಯಲ್ಲಿ 4% ಸೇರಿದರೆ ಸಾಕು, ಹೈಡ್ರೋಜನ್‌ಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ವೇಸ್ಟ್ ಬಾಟಲಿಯ ಮುಚ್ಚಳವನ್ನು ಅವತ್ತೇ ಬಿಗಿ ಮಾಡಬೇಡಿ. ರಾತ್ರಿಯಿಡೀ ಹುಡ್‌ನಲ್ಲೇ ಸಡಿಲವಾಗಿರಲಿ.

ನಾನೇನು ಹುಟ್ಟುತ್ತಲೇ ಜಾಣೆಯಲ್ಲ. ನನ್ನ ಮೊದಲ ವರ್ಷ, ಮಳೆಗಾಲ. ಇದೇ ಪುಡಿ ತೆಗೆದ ಸ್ಪ್ಯಾಚುಲಾ (ಚಪ್ಪಟೆ ಚಮಚ) ಒರೆಸಿದ ಟಿಶ್ಯೂವನ್ನು ಸುಮ್ನೆ ಕಸದ ಬುಟ್ಟಿಗೆ ಹಾಕಿದ್ದೆ. ಟೀ ಕುಡಿದು ಬರುವಷ್ಟರಲ್ಲಿ ಬುಟ್ಟಿ ಉರಿಯುತ್ತಿತ್ತು. ಯಾರೋ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊತ್ತು ಓಡಿಬಂದರು. ಈ ಬೆಂಕಿಗೆ ಅದೂ ಆಗದು, ನೀರೂ ಆಗದು. ಒಣ ಮರಳು ಬೇಕು. ನಮ್ಮ ಮರಳಿನ ಬಕೆಟ್ ಜೂನ್‌ನಿಂದ ಕಿಟಕಿ ಪಕ್ಕ ನೆನೆಯುತ್ತಾ ಕೂತಿತ್ತು! ಪುಣ್ಯಕ್ಕೆ ಬುಟ್ಟಿ ಚಿಕ್ಕದು, ತಾನಾಗೇ ಉರಿದು ಆರಿತು. ಈಗ ಮರಳನ್ನು ಓವನ್‌ನಲ್ಲಿ ಒಣಗಿಸಿ, ಮುಚ್ಚಳ ಹಾಕಿ ಇಡುತ್ತೇವೆ.

ಹುಡುಗನ ಸಿಲಿಂಡರಿಗೆ ಮೂರು ದಿನ ಹಿಡಿಯಿತು. ಒಳಗೋಡೆಗೆ ಅಂಟಿದ್ದ ಪುಡಿಗೂ ಇದೇ ಉಪಚಾರ. ನಾಲ್ಕನೇ ದಿನ ಅವನೇ ಅದನ್ನು ಸಿಂಕಿನಲ್ಲಿಟ್ಟು ಸೋಪು ಹಾಕಿ ತೊಳೆದ, ಪೈಪಿನಿಂದಲೇ.